ಒಂದೇ ಹನಿ ಸಾಕು, ಅಮ್ಮ

ಹೋದ ವರ್ಷ ಅಮ್ಮನ ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಎರಡು ಬಾಟಲಿ ಡ್ರಾಪ್ಸ್ ಕೊಟ್ಟರು. ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಒಂದು ಹನಿ ಹುಬ್ಬಿಗೆ ಬಿತ್ತು, ಇನ್ನೊಂದು ಕೆನ್ನೆಗೆ. ಮೂರನೆಯದು ಹೇಗೋ ಕಣ್ಣಿಗೆ ಹೋಯಿತು. "ಎಲ್ಲಾ ಹರಿದುಹೋಯ್ತು ಕಣೋ, ಇನ್ನೊಂದು ಹಾಕು" ಅಂದಳು. ಹಾಕಿದೆ. ಸ್ವಲ್ಪ ಹೊತ್ತಿಗೆ "ಗಂಟಲೆಲ್ಲಾ ಕಹಿ" ಅಂತ ಮುಖ ಕಿವುಚಿದಳು.

ಕಣ್ಣಿಗೆ ಹಾಕಿದ್ದು ಗಂಟಲಿಗೆ ಹೇಗೆ ಹೋಯಿತು? ಮೂಗಿನ ಪಕ್ಕ, ರೆಪ್ಪೆಯ ಅಂಚಿನಲ್ಲಿ ಸಣ್ಣ ತೂತು ಇದೆ. ಕಣ್ಣೀರು ಅಲ್ಲಿಂದ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುತ್ತದಲ್ವಾ, ಅದೇ ದಾರಿ. ಔಷಧಿಯೂ ಅದೇ ದಾರಿ ಹಿಡಿಯುತ್ತದೆ. ಕಣ್ಣು ಹಿಡಿಯುವುದು ಸುಮಾರು 30 ಮೈಕ್ರೋಲೀಟರ್ ಅಷ್ಟೇ. ಬಾಟಲಿಯ ಒಂದು ಹನಿಯೇ 30ರಿಂದ 50 ಇರುತ್ತದೆ. ಸರಿಯಾಗಿ ಬಿದ್ದ ಒಂದು ಹನಿಗೇ ಕಣ್ಣು ತುಂಬಿ ಚೆಲ್ಲುತ್ತದೆ. ಎರಡನೆಯದು ಬರೀ ದಂಡ.

ದಂಡ ಆದರೆ ಪರವಾಗಿಲ್ಲ ಅನ್ನಬಹುದು. ಆದರೆ ಮೂಗಿಗೆ ಇಳಿದ ಔಷಧಿ ರಕ್ತಕ್ಕೂ ಸೇರುತ್ತದೆ. ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಕಾಯಿಲೆಗೆ ಕೊಡುವ ಟಿಮೊಲಾಲ್ ಡ್ರಾಪ್ಸ್‌ನಿಂದ ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು, ನಾಡಿ ನಿಧಾನವಾಗಬಹುದು. ಅದಕ್ಕೇ ಆಸ್ತಮಾ, ಹೃದಯದ ತೊಂದರೆ ಏನಿದ್ದರೂ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಆಮೇಲೆ ನಾನು ಕಲಿತ ರೀತಿ ಇದು. ಸೋಪು ಹಚ್ಚಿ ಕೈ ತೊಳೆಯುತ್ತೇನೆ. ಅಮ್ಮ ಮಲಗಿ ಸೂರು ನೋಡುತ್ತಾಳೆ. ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದರೆ ಸಣ್ಣ ಜೇಬಿನ ಹಾಗೆ ತೆರೆದುಕೊಳ್ಳುತ್ತದೆ. ಹನಿ ಬೀಳಬೇಕಾದ್ದು ಅಲ್ಲಿಗೆ, ಕಪ್ಪು ಗುಡ್ಡೆಯ ಮೇಲಲ್ಲ. ಬಾಟಲಿಯ ಮೂತಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ತಾಗಿದರೆ ಕ್ರಿಮಿ ಬಾಟಲಿಯೊಳಗೆ ಸೇರಿ, ಮುಂದಿನ ಸಲ ಕಣ್ಣಿಗೇ ವಾಪಸ್ ಬರಬಹುದು. ಹನಿ ಬಿದ್ದ ಮೇಲೆ ಪಟಪಟ ಅಂತ ರೆಪ್ಪೆ ಬಡಿಯದೆ ಎರಡು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು. ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಹಗುರಾಗಿ ಒತ್ತಿ ಹಿಡಿದರೆ ಆ ತೂತು ಮುಚ್ಚುತ್ತದೆ, ಕಹಿಯೂ ಕಡಿಮೆ. ಆಪರೇಷನ್ ಆದ ಹೊಸದರಲ್ಲಿ ಒತ್ತುವುದು ಬೇಡ, ಸುಮ್ನೆ ಕಣ್ಣು ಮುಚ್ಚಿದರೂ ಆದೀತು.

ಎರಡು ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಹಾಲಿನ ಹಾಗೆ ಬೆಳ್ಳಗಿರುವ ಔಷಧಿ ತಳದಲ್ಲಿ ಕೂತಿರುತ್ತದೆ, ಕುಲುಕಿ ಹಾಕಿ. ಮುಲಾಮು ಇದ್ದರೆ ಅದು ಕೊನೆಗೆ.

ನಮ್ಮ ಪಕ್ಕದ ಮನೆಯವರು ಕಣ್ಣು ಬೇನೆ ಬಂದಾಗ "ಅಮ್ಮನ ಡ್ರಾಪ್ಸ್ ಉಳಿದಿದೆಯಾ?" ಅಂತ ಕೇಳಿದರು. ಕೊಡಲಿಲ್ಲ, ಸ್ವಲ್ಪ ಬೇಜಾರೂ ಮಾಡಿಕೊಂಡರು. ಅದರಲ್ಲಿ ಒಂದು ಸ್ಟೀರಾಯ್ಡ್. ಕೆಂಪು ಬೇಗ ಇಳಿಯುತ್ತದೆ, ನಿಜ. ಆದರೆ ಕೆಲವು ಸೋಂಕು ಅದರಿಂದಲೇ ಜೋರಾಗುತ್ತದೆ, ತುಂಬಾ ದಿನ ಹಾಕಿದರೆ ಕಣ್ಣಿನ ಒಳಗಿನ ಒತ್ತಡ ಏರಬಹುದು. ನಂದಬಟ್ಟಲು ಹೂವಿನ ರಸ, ಜೇನು ಇವೂ ಬೇಡ. ಆಪರೇಷನ್ ಆದ ಕಣ್ಣು ನೋಯತೊಡಗಿದರೆ, ಕೆಂಪಾದರೆ, ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬಾಟಲಿ ತೆರೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಸಾಮಾನ್ಯವಾಗಿ ನಾಲ್ಕು ವಾರ ಅಷ್ಟೇ, ಕೆಲವಕ್ಕೆ ಬೇರೆ ಲೆಕ್ಕ ಇದೆ, ಲೇಬಲ್ ನೋಡಿ. ನಾನು 29ನೇ ದಿನ ಅರ್ಧ ತುಂಬಿದ್ದ ಬಾಟಲಿ ಎಸೆದೆ. ಸಂಜೆ ನೋಡಿದರೆ ಅದು ಸಾಸಿವೆ ಡಬ್ಬಿಯ ಪಕ್ಕ ಕೂತಿತ್ತು. "ದುಡ್ಡು ಕೊಟ್ಟಿದ್ದಲ್ವೇನೋ" ಅಂದಳು ಅಮ್ಮ. ಎರಡನೇ ಸಲ ಎಸೆಯುವಾಗ ಔಷಧಿ ಪೂರ್ತಿ ಹಿಂಡಿ ಖಾಲಿ ಮಾಡಿಯೇ ಎಸೆದೆ.