ಲೆಮ್ಮಿ ಓದಲು ಯಾವ ಆ್ಯಪ್? ನಾನು ಪರೀಕ್ಷೆ ಮಾಡುವ ರೀತಿ

2023ರ ಜೂನ್ ಕೊನೆಗೆ ರೆಡ್ಡಿಟ್ ಓದುವ ಅಪೊಲೊ, ಸಿಂಕ್ ಆ್ಯಪ್‌ಗಳು ನಿಂತುಹೋದವು. ಆಗಲೇ ನಾನು ಲೆಮ್ಮಿಗೆ ಬಂದೆ. ಇದೂ ರೆಡ್ಡಿಟ್‌ನಂತೆ ಪೋಸ್ಟ್, ಕಮೆಂಟ್ ಹಾಕಿ ಚರ್ಚಿಸುವ ಜಾಲತಾಣ, ಆದರೆ ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳು ಸೇರಿ ಆದದ್ದು. ಇಲ್ಲಿ ಆ್ಯಪ್ ಬೇರೆ, ಖಾತೆ ಬೇರೆ. ಖಾತೆ ಇರುವುದು ನೀವು ಸೇರಿದ ಸರ್ವರ್‌ನಲ್ಲಿ. ಹಾಗಾಗಿ ಒಂದೇ ಖಾತೆಯಿಂದ ಎರಡು ಮೂರು ಆ್ಯಪ್‌ಗೆ ಲಾಗಿನ್ ಆಗಿ, ಒಂದೇ ಪೋಸ್ಟನ್ನು ಎಲ್ಲದರಲ್ಲೂ ತೆರೆದು ನೋಡಿ.

ಇನ್ನೂ ಖಾತೆಯೇ ಇಲ್ವಾ? ವಾಯೇಜರ್‌ನಿಂದ ಶುರು ಮಾಡಿ. ಅದು ಬ್ರೌಸರ್‌ನಲ್ಲೇ ತೆರೆಯುತ್ತದೆ, ಲಾಗಿನ್ ಇಲ್ಲದೆಯೂ ಓದಬಹುದು. ಅಪೊಲೊ ಬಳಸಿದವರಿಗೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ. ಜೆರ್ಬೋವಾ ಲೆಮ್ಮಿ ಕಟ್ಟಿದವರದ್ದೇ ಆ್ಯಪ್, ಆಂಡ್ರಾಯ್ಡ್‌ಗೆ ಮಾತ್ರ. ಐಫೋನ್ ಇದ್ದರೆ ಮ್ಲೆಮ್ ಕೂಡ ನೋಡಿ.

ಪರೀಕ್ಷೆಗೆ ಕಮೆಂಟ್ ಜಾಸ್ತಿ ಇರುವ ಪೋಸ್ಟ್ ಆರಿಸಿ. ಬೇಡದ ಉತ್ತರಗಳ ಕವಲನ್ನು ಮಡಚಿ ಮುಂದೆ ಹೋಗುವುದು ಸುಲಭವೇ? ಒಂದು ಲಿಂಕ್ ತೆರೆದು ಹಿಂದೆ ಬಂದರೆ ಓದುತ್ತಿದ್ದ ಜಾಗದಲ್ಲೇ ನಿಲ್ಲುತ್ತದೆಯೇ, ಅಥವಾ ಮತ್ತೆ ಮೇಲಿನಿಂದ ಹುಡುಕಬೇಕೇ? ನನಗೆ ಇದೇ ದೊಡ್ಡ ವಿಷಯ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಓದುವವಳಿಗೆ ಹುಡುಕಾಟದಲ್ಲೇ ಆ ಹೊತ್ತು ಮುಗಿದುಹೋಗುತ್ತದೆ.

ಆಮೇಲೆ ಕನ್ನಡ. ಅಕ್ಷರದ ಗಾತ್ರ ದೊಡ್ಡದು ಮಾಡಿ, ಹೊಸ ಪೋಸ್ಟ್‌ನ ಶೀರ್ಷಿಕೆಯ ಜಾಗದಲ್ಲಿ ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ. ಕಳಿಸಬೇಕಿಲ್ಲ. ನಾನು ಬಳಸಿದ ಒಂದು ಆ್ಯಪ್‌ನಲ್ಲಿ ಒತ್ತಕ್ಷರದ ತಳ ಕತ್ತರಿಸಿ ಹೋಗುತ್ತಿತ್ತು, ‘ಷ್ಟ್ರ’ ಅರ್ಧವೇ ಕಾಣುತ್ತಿತ್ತು. ಅದನ್ನು ಅವತ್ತೇ ತೆಗೆದುಹಾಕಿದೆ.

ಯಾವ ಆ್ಯಪ್‌ನಲ್ಲಿ ನೋಡಿದರೂ ಪೋಸ್ಟ್‌ಗಳು ತೀರಾ ಕಡಿಮೆ ಅನ್ನಿಸಿದರೆ ತಪ್ಪು ಆ್ಯಪ್‌ನದ್ದಲ್ಲ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿ ಇದೆ. ಅದರಲ್ಲಿ ಕನ್ನಡದ ಜೊತೆ ‘ಅನ್‌ಡಿಟರ್ಮಿನ್ಡ್’ ಅನ್ನೂ ಆರಿಸಿ. ತುಂಬಾ ಜನ ಭಾಷೆ ಗುರುತಿಸದೆಯೇ ಪೋಸ್ಟ್ ಹಾಕುತ್ತಾರೆ. ಇದನ್ನು ಬಿಟ್ಟರೆ ಅವೆಲ್ಲ ಮರೆಯಾಗುತ್ತವೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ನಿಮ್ಮ ಸರ್ವರ್‌ನ ವೆಬ್‌ಸೈಟ್‌ಗೆ ಹೋಗಿ, ಸೆಟ್ಟಿಂಗ್ಸ್‌ನಿಂದ ಎಕ್ಸ್‌ಪೋರ್ಟ್ ಒತ್ತಿ ಫೈಲ್ ಇಳಿಸಿಕೊಳ್ಳಿ. ನಾನು ಮೊದಲು ಸೇರಿದ್ದ ಸರ್ವರ್ ಮುಚ್ಚಿತು. ಆ ಫೈಲ್ ಇದ್ದುದರಿಂದ ಸೇರಿದ್ದ ಸಮುದಾಯಗಳೆಲ್ಲ ಹೊಸ ಖಾತೆಗೆ ಬಂದವು. ನಾನು ಬರೆದಿದ್ದ ಕಮೆಂಟ್‌ಗಳು ಮಾತ್ರ ಜೊತೆಗೆ ಬರಲಿಲ್ಲ. ಉಳಿಸಿಕೊಳ್ಳಬೇಕು ಅನ್ನಿಸುವುದನ್ನು ಈಗ ಬೇರೆ ಕಡೆಯೂ ಬರೆದಿಡುತ್ತೇನೆ.