ಟಸ್ಕನಿಯಲ್ಲಿ ಕಾರು ಬಿಟ್ಟು ಬಸ್ಸು ಹತ್ತಿದ್ದು

ಇಟಲಿಯ ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸ್‌ನಲ್ಲಿ ಐದು ದಿನ ಇದ್ದೆವು. ಮೊದಲ ದಿನವೇ ಬಾಡಿಗೆ ಕಾರಿನಲ್ಲಿ ಗ್ರೇವೆ, ಸಿಯೆನಾ, ಸಾನ್ ಜಿಮಿನ್ಯಾನೋ ಮೂರನ್ನೂ ಮುಗಿಸಿಬಿಡೋಣ ಅಂತ ಹೊರಟೆ. ಮ್ಯಾಪ್‌ನಲ್ಲಿ ಎಲ್ಲಾ ಪಕ್ಕಪಕ್ಕ ಕಾಣುತ್ತವೆ. ಆದರೆ ಫ್ಲಾರೆನ್ಸ್-ಸಿಯೆನಾ ನಡುವಿನ ವೈನ್ ಸೀಮೆ ಕಿಯಾಂತಿಯ ರಸ್ತೆ ಗುಡ್ಡ ಸುತ್ತಿಕೊಂಡೇ ಹೋಗುತ್ತದೆ. ಹೆಂಡತಿಗೆ ತಲೆಸುತ್ತು. ಸ್ಟೀರಿಂಗ್ ನನ್ನ ಕೈಯಲ್ಲಿ, ಹಾಗಾಗಿ ದ್ರಾಕ್ಷಿ ತೋಟದಲ್ಲಿ ನನಗೆ ಬರೀ ನೀರು. ಮೂರನೇ ಊರು ಮುಟ್ಟಲೇ ಇಲ್ಲ.

ಮನೆಗೆ ಬಂದು ನಾಲ್ಕು ತಿಂಗಳಾದ ಮೇಲೆ ದಂಡದ ನೋಟಿಸ್ ಬಂತು. ಅಲ್ಲಿನ ಹಳೆ ಊರುಗಳ ಒಳಗೆ ಪರವಾನಗಿ ಇಲ್ಲದ ಕಾರು ಹೋಗುವಂತಿಲ್ಲ. ಅದಕ್ಕೆ ಝಡ್‌ಟಿಎಲ್ ಅನ್ನುತ್ತಾರೆ. ಕೆಂಪು ಅಂಚಿನ ದುಂಡು ಬಿಳಿ ಫಲಕ ಇರುತ್ತದೆ, ನಾನು ಗಮನಿಸಿರಲಿಲ್ಲ. ಯಾರೂ ತಡೆಯುವುದಿಲ್ಲ, ಕ್ಯಾಮೆರಾ ಸುಮ್ನೆ ನಂಬರ್ ಹಿಡಿದುಕೊಳ್ಳುತ್ತದೆ.

ಕಾರಿನ ಸುತ್ತಾಟದ ಮರುದಿನದಿಂದ ಬಸ್ಸು, ದಿನಕ್ಕೆ ಒಂದೇ ಊರು. ಸಿಯೆನಾಗೆ ಮತ್ತೆ ಹೋದೆವು. ರೈಲಿನಲ್ಲಿ ಹೋದರೆ ನಿಲ್ದಾಣ ಗುಡ್ಡದ ಕೆಳಗೆ, ಬಸ್ಸಾದರೆ ಹಳೆ ಊರಿನ ಹತ್ತಿರಕ್ಕೇ ಬಿಡುತ್ತದೆ. ಎಲ್ಲರೂ ಚಿಪ್ಪಿನಾಕಾರದ ಕಾಂಪೋ ಚೌಕದಲ್ಲಿ ಕೂರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಥೆಡ್ರಲ್ ಪಕ್ಕದ ಒಂಟಿ ಗೋಡೆ. 1339ರಲ್ಲಿ ಸಿಯೆನಾದವರು ಆ ಚರ್ಚನ್ನು ಭಾರಿ ದೊಡ್ಡದು ಮಾಡಲು ಹೊರಟರು. ಈಗಿರುವ ಇಡೀ ಕಟ್ಟಡ ಶಿಲುಬೆಯಾಕಾರದ ಹೊಸ ಚರ್ಚಿನ ಅಡ್ಡತೋಳು ಮಾತ್ರ ಆಗಬೇಕಿತ್ತಂತೆ! 1348ರಲ್ಲಿ ಪ್ಲೇಗ್ ಬಂತು, ಕೆಲಸ ನಿಂತೇ ಹೋಯಿತು. ಅರ್ಧಕ್ಕೆ ನಿಂತ ಆ ಗೋಡೆಯ ತುದಿಗೆ ಹತ್ತಿದರೆ ಹೆಂಚಿನ ಮಾಡುಗಳು, ಆಚೆಗೆ ಗುಡ್ಡಗಳು. ಕಾರಿನ ದಿನ ಇದರ ಪಕ್ಕದಲ್ಲೇ ಓಡಿ ಹೋಗಿದ್ದೆವು.

ಸಾನ್ ಜಿಮಿನ್ಯಾನೋಗೆ ಪೊಜ್ಜಿಬೋನ್ಸಿಯಲ್ಲಿ ಬಸ್ಸು ಬದಲಿಸಬೇಕು. ಒಂದು ಕಾಲಕ್ಕೆ 70ಕ್ಕೂ ಜಾಸ್ತಿ ಗೋಪುರಗಳಿದ್ದವಂತೆ, ಈಗ ಉಳಿದಿರುವುದು 14. ಮಧ್ಯಾಹ್ನ ಕಾಲಿಡಲು ಜಾಗವಿರಲಿಲ್ಲ. ಟೂರ್ ಬಸ್ಸುಗಳು ಹೊರಟ ಮೇಲೆ ಊರು ನಮ್ಮದಾಯಿತು. ಇಲ್ಲಿನ ಬಿಳಿ ವೈನ್ ವೆರ್ನಾಚ್ಚ. ಹುಳಿ ಸ್ವಲ್ಪ ಮುಂದು, ನನಗೆ ಅಷ್ಟೇನೂ ಹಿಡಿಸಲಿಲ್ಲ.

ಕೊನೆಗೆ ಗ್ರೇವೆ. ಸಂತೆ ಸೇರುವ ಶನಿವಾರವೇ ಹೋಗಬೇಕಿತ್ತು, ನಾವು ಹೋದದ್ದು ಭಾನುವಾರ. ಅವತ್ತು ಬಸ್ಸು ತೀರಾ ಕಡಿಮೆ. ವಾಪಸ್ಸಿನದು ಕಣ್ಣೆದುರೇ ತಪ್ಪಿತು. ತ್ರಿಕೋನಾಕಾರದ ಚೌಕದಲ್ಲಿ ಕೂತು ಇಲ್ಲಿನ ಕೆಂಪು ವೈನ್ ಕಿಯಾಂತಿ ಕ್ಲಾಸಿಕೋ ತರಿಸಿದೆ. ಬಾಟಲಿಯ ಮೇಲೆ ಕಪ್ಪು ಹುಂಜದ ಗುರುತು, ಒಳಗೆ ಕನಿಷ್ಠ ಶೇ. 80 ಸಾಂಜೋವೇಸೆ ದ್ರಾಕ್ಷಿ. ಮುಂದಿನ ಬಸ್ಸಿಗೆ ಎರಡು ಗಂಟೆಯಿತ್ತು. ಸ್ಟೀರಿಂಗ್ ಈ ಸಲ ಬೇರೆಯವರ ಕೈಯಲ್ಲಿ, ಇನ್ನೊಂದು ಗ್ಲಾಸ್ ಹೇಳಿದೆ.