ಪಿಕಪ್ ಗೊತ್ತಿದ್ದವರಿಗೆ ‘ಪಿಕ್ ಅಪ್’ ಕಲಿಸಿದ್ದು

ಅರ್ಥದ ಪಟ್ಟಿ ಬಾಯಿಪಾಠ ಮಾಡಿಸದೆ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ‘ಅಪ್’, ‘ಆಫ್’ ಥರದ ಪದ ಸೇರಿ ಬೇರೆ ಅರ್ಥ ಕೊಡೋದು) ಬರಲ್ಲ ಅಂತ ವಿಜಯನಗರದ ಕಡೆ ಸ್ಪೋಕನ್ ಇಂಗ್ಲಿಷ್ ನಡೆಸೋ ಗೆಳೆಯರೆಲ್ಲ ನನಗೆ ಬುದ್ಧಿ ಹೇಳಿದ್ದರು. ಮೊನ್ನೆ ಅವರಲ್ಲೇ ಇಬ್ಬರು ನನ್ನ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತು ನೋಟ್ಸ್ ಬರೆದುಕೊಂಡು ಹೋದರು. ಅದಕ್ಕೇ ಈ ಬರಹ.

ಸಂಜೆ ಬ್ಯಾಚಲ್ಲಿ ಹೆಚ್ಚಿನವರು ಕ್ಯಾಬ್ ಡ್ರೈವರ್‌ಗಳು, ಡೆಲಿವರಿ ಹುಡುಗರು. ಮೊದಲು ನಾನೂ ಎಲ್ಲರ ಹಾಗೆ ಪುಸ್ತಿಕೆ ಮಾಡಿಸಿದ್ದೆ. ಡಿಟಿಪಿ, ಪ್ರಿಂಟು, ಸ್ಪೈರಲ್ ಬೈಂಡಿಂಗ್ ಸೇರಿ 14-15 ಸಾವಿರ ಹೋಯಿತು. ಟೆಸ್ಟಲ್ಲಿ ಚೆನ್ನಾಗಿ ಬರೆದರು, ಬಾಯಿ ಬಿಟ್ಟರೆ ಏನೂ ಇಲ್ಲ. ಆಮೇಲೆ ಒಂದು ಆ್ಯಪ್‌ಗೆ ಚಂದಾ ಕಟ್ಟಿದೆ. ಅದರ ಉದಾಹರಣೆಗಳಲ್ಲಿ ಬರೀ ಬಾರಲ್ಲಿ ಹುಡುಗಿಯರನ್ನು ‘ಪಿಕ್ ಅಪ್’ ಮಾಡೋ ಕಥೆ! ಆ ಅರ್ಥವೂ ಇದೆ, ಸುಳ್ಳಲ್ಲ. ಆದರೆ ಬ್ಯಾಚಿನ ಹೆಣ್ಣುಮಕ್ಕಳು ಬಿಟ್ಟುಹೋದರು, ಫೀಸೂ ವಾಪಸ್ ಕೊಡಬೇಕಾಯಿತು.

ಕೊನೆಗೆ ಪುಸ್ತಿಕೆ ಮುಚ್ಚಿಟ್ಟು, ಪಿಕಪ್ ಅಂದರೇನು ಅಂತ ಅವರನ್ನೇ ಕೇಳಿದೆ. ‘ಪಿಕಪ್ ಲೊಕೇಶನ್ ತಪ್ಪು ಹಾಕವ್ರೆ’, ‘ಗಾಡಿಗೆ ಪಿಕಪ್ಪೇ ಇಲ್ಲ ಸಾರ್’, ‘ದೀಪಾವಳಿಗೆ ವ್ಯಾಪಾರ ಪಿಕಪ್ ಆಯ್ತು’, ‘ಫೋನ್ ಪಿಕ್ ಮಾಡ್ತಿಲ್ಲ’. ಕರೆದುಕೊಳ್ಳೋದು, ವೇಗ, ಚೇತರಿಕೆ, ಫೋನ್ ಎತ್ತೋದು ಎಲ್ಲ ಅಲ್ಲೇ ಬಂತು. ನಾನು ಸೇರಿಸಿದ್ದು ಒಂದೇ, ಕಿವಿಯಿಂದಲೇ ಕಲಿಯೋದು: ‘ಐ ಪಿಕ್ಡ್ ಅಪ್ ತಮಿಳ್ ಇನ್ ಹಲಸೂರು.’

ತಲೆನೋವು ಇದ್ದದ್ದು ಜೋಡಣೆಯಲ್ಲಿ. ‘ಪಿಕ್ ಅಪ್ ದ ಪಾರ್ಸೆಲ್’, ‘ಪಿಕ್ ದ ಪಾರ್ಸೆಲ್ ಅಪ್’ ಎರಡೂ ನಡೆಯುತ್ತೆ. ಇಟ್, ಯೂ, ಮಿ ಬಂದರೆ ಮಾತ್ರ ನಡುವೆಯೇ ಕೂರಬೇಕು: ‘ಐ ವಿಲ್ ಪಿಕ್ ಯೂ ಅಪ್ ಅಟ್ ಮೆಜೆಸ್ಟಿಕ್.’ ‘ಪಿಕ್ ಅಪ್ ಯೂ’ ಬಿಡಿಸೋಕೆ ಫೋನಿನಲ್ಲೇ ಒಂದು ಆಟ ಆಡಿಸುತ್ತೇನೆ. ಅದು ಇಲ್ಲಿ ಬೇಡ, ನನ್ನ ಹೊಟ್ಟೆಪಾಡು. ಉಚ್ಚಾರಣೆಗೆ ಬೇಕಾದರೆ ಹೇಳುತ್ತೇನೆ. ನಾಮಪದವಾದ ಪಿಕಪ್‌ನಲ್ಲಿ ಒತ್ತು ‘ಪಿಕ್’ ಮೇಲೆ, ಕ್ರಿಯಾಪದದಲ್ಲಿ ‘ಅಪ್’ ಮೇಲೆ. ಭೂತಕಾಲದ್ದನ್ನು ‘ಪಿಕ್ಟಪ್’ ಅಂತ ಒಂದೇ ಉಸಿರಲ್ಲಿ ಹೇಳಿಸಿ.

ನಡುವೆ ಅದೇ ವಾರ ‘ಪುಟ್ ಆಫ್’, ‘ಕಾಲ್ ಆಫ್’ ಸೇರಿಸಿ ನೋಡಿದೆ. ಮುಂದೂಡೋದು, ರದ್ದು ಮಾಡೋದು ಬೇಗ ಹಿಡಿದರು. ಆದರೆ ಒಬ್ಬ ಕಸ್ಟಮರ್‌ಗೆ ‘ಐ ವಿಲ್ ಪಿಕ್ ಯೂ ಆಫ್’ ಅಂದುಬಿಟ್ಟ. ದೂರದಿಂದ ಗುರಿಯಿಟ್ಟು ಹೊಡೆಯೋದಕ್ಕೆ ಹಾಗನ್ನುತ್ತಾರೆ! ಈಗ ಒಂದು ವಾರಕ್ಕೆ ಒಂದೇ ವರ್ಬ್.

ಆಗ ತಲೆಗೆ 1,200 ಫೀಸು, ಈಗ 2,000. ಹಾಲ್ ಬಾಡಿಗೆ ಕಳೆದರೂ ಕೈಯಲ್ಲಿ ನಿಲ್ಲುತ್ತೆ. ಮುಂದಿನ ವಾರ ‘ಡ್ರಾಪ್ ಆಫ್’. ಇಳಿಸಿ ಬರೋದಕ್ಕೂ ಅದೇ, ತೂಕಡಿಸಿ ನಿದ್ದೆಗೆ ಜಾರೋದಕ್ಕೂ ಅದೇ. ನೈಟ್ ಶಿಫ್ಟಿನವರಿಗೆ ಎರಡೂ ಬೇಕು.